ಕ್ಯಾಪ್ಟನ್ನನ ಬೆನ್ನು

ಎಮ್ಲಿನ್‌ನ ಮುಖ ಕಾರ್ಡಿಫ್‌ನಲ್ಲಿ ಯಾರಿಗೂ ಗೊತ್ತಿಲ್ಲ. ಬೆನ್ನು ಮಾತ್ರ ದೇಶಕ್ಕೆಲ್ಲ ಗೊತ್ತು. ಟೀವಿಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಕ್ಯಾಪ್ಟನ್ ಗಾರೋ ಉದ್ದ ಕೋಟು ತೊಟ್ಟು ದೂರ ಹೋಗುವಾಗಲೆಲ್ಲ ಹೀರೋನ ಬದಲು ನಡೆಯುವವನು ಇವನೇ. ಎಂಟು ವರ್ಷ ನಡೆದೂ ನಡೆದೂ ಮಂಡಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

ಅಂದು ಕೊನೆಯ ಕಂತಿನ ಕೊನೆಯ ದಿನ. ಬೆಳಿಗ್ಗೆ ಮಗಳು ಹೆಲೆದ್ ಟೋಸ್ಟ್ ಕಚ್ಚುತ್ತ ಕೇಳಿದಳು, "ಆರಕ್ಕೆ ಶಾಲೇಲಿ ನನ್ನ ಪದ್ಯ. ಎರಡು ಸಲ ತಪ್ಪಿಸಿದೀಯ. ಇವತ್ತಾದ್ರೂ ಬರ್ತೀಯಾ ಅಪ್ಪ?"

"ಬರ್ದೇ ಇದ್ರೆ ಕೇಳು."

ಕಾರು ಅದನ್ನು ಕೇಳಿಸಿಕೊಂಡಿತೇನೋ, ಹೊರಡಲಿಲ್ಲ. ಪಕ್ಕದ ಮನೆಯ ಮಿಸೆಸ್ ಬೆಡೋ ತನ್ನ ಕಾರಿನ ಬಾಗಿಲು ಅರ್ಧ ತೆಗೆದು ನಿಂತಳು. "ಕ್ಯಾಪ್ಟನ್ ಕೊನೆಗೆ ಯಾರ ಕೈ ಹಿಡೀತಾನೆ? ಹೇಳಿದ್ರೆ ಕಾರು ಹತ್ತು."

ಗಾರೋಗೆ ಗಂಡೂ ಇಷ್ಟ, ಹೆಣ್ಣೂ ಇಷ್ಟ. ಅದರಲ್ಲಿ ಊರಿಗೆ ತಕರಾರಿರಲಿಲ್ಲ. ಅವನ ಆಕಾಶನೌಕೆಯ ಡಾಕ್ಟರ್ ಸಿವಾನಳೋ, ಪೈಲಟ್ ಮೆದ್ವಿನನೋ ಎಂಬುದರಲ್ಲೇ ಊರು ಎರಡು ಹೋಳಾಗಿತ್ತು.

"ನಂಗೇನು ಗೊತ್ತು? ಬೆನ್ನಿಗೆ ಯಾರು ಕತೆ ಹೇಳ್ತಾರೆ?"

"ಹಂಗಾದ್ರೆ ಬಸ್ಸಿಗೆ ಹೋಗಪ್ಪ."

"ಡಾಕ್ಟರಮ್ಮನ್ನೇ ಹಿಡೀತಾನೆ," ಎಂದು ಎಮ್ಲಿನ್ ಹತ್ತಿ ಕೂತ.

ಸ್ಟುಡಿಯೋದಲ್ಲಿ ಉಡುಪು ನೋಡಿಕೊಳ್ಳುವ ತೇಗಿದ್ ಕ್ಯಾಪ್ಟನ್ನನ ಕೋಟನ್ನು ಎದೆಗವಚಿಕೊಂಡು ಕೂತಿದ್ದ. "ನಾನೂ ನನ್ನ ಗಂಡನೂ ಎಂಟು ವರ್ಷದಿಂದ ಪೈಲಟ್ ಪಕ್ಷ. ನಿಜ ಹೇಳು. ಇಲ್ಲಾಂದ್ರೆ ಈ ಗುಂಡಿ ಹೊಲಿಯೋಕೆ ಮಧ್ಯಾಹ್ನ ಆಗುತ್ತೆ."

"ಪೈಲಟ್ಟೇ ಕಣೋ. ಹೊಲಿ ಬೇಗ."

ತೇಗಿದ್‌ನ ಕಣ್ಣು ತುಂಬಿತು. ಎಮ್ಲಿನ್‌ಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಗುಂಡಿ ಎರಡೇ ನಿಮಿಷದಲ್ಲಿ ಕೂತಿತು.

ಊಟದ ಹೊತ್ತಿಗೆ ಎರಡು ಸುಳ್ಳೂ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿದ್ದವು. ನಿರ್ದೇಶಕಿ ಪ್ರಾಸರ್ ಬಂದು ನಿಂತಳು.

"ಗುಟ್ಟು ಉಳೀಲಿ ಅಂತ ಎರಡು ಕೊನೆ ಶೂಟ್ ಮಾಡಿಟ್ಟಿದ್ದೆ. ಒಂದರಲ್ಲಿ ಡಾಕ್ಟರ್, ಒಂದರಲ್ಲಿ ಪೈಲಟ್. ಎರಡೂ ಸೋರಿವೆ. ಅದ್ಯಾವ ಪುಣ್ಯಾತ್ಮನೋ."

ಎಮ್ಲಿನ್ ತನ್ನ ಸ್ಯಾಂಡ್‌ವಿಚ್ಚನ್ನು ಬಿಚ್ಚಿ ಒಳಗೇನಿದೆ ಎಂದು ಗಮನವಿಟ್ಟು ನೋಡಿದ.

"ಈಗ ಮೂರನೇದು. ಕ್ಯಾಪ್ಟನ್ ಯಾರ ಕೈನೂ ಹಿಡಿಯಲ್ಲ. ಒಬ್ಬನೇ ಕಡಲ ಕಡೆ ನಡ್ಕೊಂಡು ಹೋಗ್ತಾನೆ."

"ಹೀರೋ ನಿನ್ನೇನೇ ವಿಮಾನ ಹತ್ತಿದ್ರಲ್ಲ ಮೇಡಂ?"

"ಮುಖ ಹೋಯ್ತು. ಬೆನ್ನಿದೆಯಲ್ಲ. ಸಂಜೆ ಬೆಳಕಲ್ಲಿ ತೆಗೀಬೇಕು, ಐದೂವರೆಗೆ ಬಾ."

ಆರು ಗಂಟೆಗೆ ಅವನು ಜಿಟಿಜಿಟಿ ಮಳೆಯಲ್ಲಿ ಕಡಲಕಟ್ಟೆಯ ಮೇಲೆ ಒಂಬತ್ತನೇ ಸಲ ನಡೆಯುತ್ತಿದ್ದ. ಹಿಂದೆ ಹಗ್ಗದಾಚೆ ಜನವೋ ಜನ. ಕೋಟಿನೊಳಗೆ ಫೋನು ನಡುಗಿತು. ಜೇಬಿನೊಳಗೇ ಸ್ಪೀಕರ್ ಒತ್ತಿ, ತಲೆ ಅಲ್ಲಾಡಿಸದೆ ಅಂದ, "ತಪ್ಪಾಯ್ತು ಮರೀ."

"ಪದ್ಯ ನಡೀಲೇ ಇಲ್ಲ ಅಪ್ಪ. ಕ್ಯಾಪ್ಟನ್ ಬಂದಿದಾನೆ ಅಂತ ಟೀಚರ್‌ಗಳೆಲ್ಲ ಇಲ್ಲಿಗೇ ಓಡಿ ಬಂದಿದಾರೆ. ನಾನೂ ನಿನ್ನ ಹಿಂದೇನೇ ಇದೀನಿ. ತಿರುಗು, ಟಾಟಾ ಮಾಡ್ತೀನಿ."

ಬೆನ್ನು ತಿರುಗುವಂತಿಲ್ಲ. ಅವನು ಒಂದು ಕೈ ಹಿಂದಕ್ಕೆ ತಂದು, ಎರಡು ಬೆರಳು ಆಡಿಸಿದ.

"ಕಟ್," ಎಂದಿತು ಧ್ವನಿವರ್ಧಕ. "ಕ್ಯಾಪ್ಟನ್ ಬೆರಳು ಯಾಕೆ ಆಡಿಸ್ತಾನೆ? ಮೋಡ ಕವಿದು ಬೆಳಕೂ ಹೋಯ್ತು. ನಾಳೆ ಮತ್ತೆ, ಆರಕ್ಕೆ."

ಜೇಬಿನಲ್ಲಿ ಹೆಲೆದ್ ಇನ್ನೂ ಮಾತಾಡುತ್ತಿದ್ದಳು. "ಒಳ್ಳೇದೇ ಆಯ್ತಪ್ಪ. ಪದ್ಯ ನಾಳೆಗೆ ಹಾಕಿದಾರೆ. ಆರಕ್ಕೆ."