ರಾಹುಕಾಲಕ್ಕೆ ಮುಂಚೆ ಕೆಂಗೇರಿ

ಆಯುಧಪೂಜೆಯ ದಿನ ಸೀತಾ ತಮ್ಮ ಹಳೆಯ ಕಾರಿನ ಒಂದಂಗುಲವನ್ನೂ ಬಿಡಲಿಲ್ಲ. ಚಕ್ರಕ್ಕೆ, ಬಾನೆಟ್ಟಿಗೆ, ಕೊನೆಗೆ ಹಿಂದಿನ ಪೆಟ್ರೋಲ್ ಮುಚ್ಚಳಕ್ಕೂ ಗಂಧ ಮೆತ್ತಿ ಕುಂಕುಮವಿಟ್ಟಳು. ಗಂಡ ಸೇತುರಾಮ ಭಕ್ತಿಯಿಂದ ಕೈಮುಗಿದ. ಪಾಪ, ಅವನಿಗೇನು ಗೊತ್ತು!

ಮರುದಿನ ಅವನು ರಾಜಾಜಿನಗರದಿಂದ ಕೆಂಗೇರಿಗೆ ಹೊರಟ. ತಂಗಿ ತುಂಗಾಗೆ ಆಗಲೇ ಎರಡು ಸಂಬಂಧ ಕೈತಪ್ಪಿದ್ದವು. ಈ ಹುಡುಗ ಅವಳಿಗೂ ಇಷ್ಟ. ಆದರೆ ಹುಡುಗನ ತಾಯಿ ಜಗದಾಂಬಾ ಖಡಾಖಂಡಿತವಾಗಿ ಹೇಳಿಕಳಿಸಿದ್ದರು: ರಾಹುಕಾಲಕ್ಕೆ ಮುಂಚೆ ತಾಂಬೂಲ ಬದಲಾಗದಿದ್ದರೆ ಈ ಮಾತು ಇಲ್ಲಿಗೇ ಬಿಡಿ ಎಂದು. ಹಿರಿಯರು ಇರಲಿ ಅಂತ ಪಕ್ಕದ ಮನೆಯ ಮುನಿವೆಂಕಟಪ್ಪನವರೂ ಕಾರು ಹತ್ತಿದರು. ಅವರು ನಿವೃತ್ತ ಬಸ್ ಕಂಡಕ್ಟರ್. ಡ್ರೈವರ್ ಪಕ್ಕ ನಿಂತು ನಿಂತೇ ಎಂಜಿನ್ ವಿದ್ಯೆಯೆಲ್ಲ ಬಂದುಬಿಟ್ಟಿದೆ ಎಂದು ಅವರ ನಂಬಿಕೆ.

ಕಾಮಾಕ್ಷಿಪಾಳ್ಯದಲ್ಲಿ ಎಮ್ಮೆಯೊಂದು ಅಡ್ಡ ಬಂತು. ಕಾರು ನಿಲ್ಲಿಸಿದ್ದೇ ತಡ, ಎಂಜಿನ್ ಗಡಗಡ ನಡುಗಿ, ಕೆಮ್ಮಿ, ತಣ್ಣಗಾಯಿತು.

"ಪೆಟ್ರೋಲ್ ಇದ್ಯೇನ್ರೀ?" ಮುನಿವೆಂಕಟಪ್ಪ ಇಳಿದು ಮುಚ್ಚಳ ತಿರುಗಿಸಿದರು. ಉಸ್ಸೆಂದಿತು. ಮೂಗು ಇಟ್ಟು ನೋಡಿ, "ಬೇಕಾದಷ್ಟಿದೆ" ಅಂದರು. ಆಮೇಲೆ ಬಾನೆಟ್ ಎತ್ತಿ ಕಾರ್ಬೊರೇಟರಿನ ಸ್ಕ್ರೂ ಒಂದನ್ನು ತಿರುವಿದರು. "ಈಗ ಹೊಡೀರಿ ಸೆಲ್ಫು!"

ಕಾರು ಹೊರಟೇಬಿಟ್ಟಿತು. "ಸರ್ವಿಸ್ ಸಾರ್, ಸರ್ವಿಸ್!" ಎಂದು ಮುನಿವೆಂಕಟಪ್ಪ ಮೀಸೆ ತಿರುವಿದರು.

ಮೈಸೂರು ರಸ್ತೆಗೆ ಬಂದರೆ ಮತ್ತೆ ಅದೇ ಕತೆ. ಮತ್ತೆ ಮುಚ್ಚಳ, ಮತ್ತೆ ಮೂಗು, ಮತ್ತೆ ಸ್ಕ್ರೂ. ಹೊರಟಿತು, ಸ್ವಲ್ಪ ದೂರ ಹೋಗಿ ಮತ್ತೆ ಕೆಟ್ಟು ನಿಂತಿತು. ಸೇತುರಾಮನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇನ್ನು ಕಾಲುಗಂಟೆ ಇದೆ ಅಷ್ಟೆ! ತುಂಗಾ ಮುಖ ಹೇಗೆ ನೋಡ್ಲಿ ನಾನು?"

"ಆ ಸ್ಕ್ರೂ ಇನ್ನೊಂಚೂರು..."

"ಕೈಮುಗೀತೀನಿ, ಸ್ಕ್ರೂ ಮುಟ್ಬೇಡಿ!"

ಈ ಸಲ ಸೇತುರಾಮನೇ ಮುಚ್ಚಳ ತೆಗೆದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಯಾಡಲು ಇದ್ದ ಸಣ್ಣ ತೂತಿನಲ್ಲಿ ಸೀತಾಳ ಗಂಧ ಕಲ್ಲಾಗಿ ಕೂತಿತ್ತು. ಒಳಗೆ ಗಾಳಿ ಹೋಗದೆ ಹೊರಗೆ ಪೆಟ್ರೋಲ್ ಬರುವುದಾದರೂ ಹೇಗೆ? ಇಷ್ಟು ಹೊತ್ತೂ ಕಾರು ಓಡಿಸಿದ್ದು ಸ್ಕ್ರೂ ಅಲ್ಲ, ಮೂಸಲೆಂದು ಪ್ರತಿ ಸಲ ಮುಚ್ಚಳ ತೆಗೆಸಿ ಗಾಳಿ ಬಿಟ್ಟ ಮುನಿವೆಂಕಟಪ್ಪನವರ ಮೂಗು! ರಸ್ತೆ ಬದಿಯ ಜಾಲಿಮುಳ್ಳು ಮುರಿದು ತೂತು ಬಿಡಿಸಿದ.

"ಗಂಧಕ್ಕೆಲ್ಲ ಎಂಜಿನ್ ನಿಲ್ಲುತ್ತೇನ್ರೀ? ನಗ್ತಾರೆ ಯಾರಾದ್ರೂ" ಎಂದರು ಮುನಿವೆಂಕಟಪ್ಪ.

ಕಾರು ಮತ್ತೆ ಎಲ್ಲೂ ಕೆಮ್ಮಲಿಲ್ಲ. ರಾಹುಕಾಲ ಹುಟ್ಟುವ ಮೊದಲೇ ತಾಂಬೂಲ ಬದಲಾಯಿತು. ಸೇತುರಾಮನಿಗೆ ಹೋದ ಜೀವ ಬಂದಂತಾಯಿತು.

ರಾಹುಕಾಲ ಕಳೆದು, ಊಟ ಮುಗಿಸಿ ಹೊರಡುವಾಗ ಜಗದಾಂಬಾ ಗಂಧದ ಬಟ್ಟಲು ಹಿಡಿದು ಬಂದರು. "ಶುಭಕಾರ್ಯಕ್ಕೆ ಬಂದ ಗಾಡಿ, ಪೂಜೆ ಆಗ್ಲಿ."

"ಬಾನೆಟ್ಟಿಗೆ ಸಾಕು ಅಮ್ಮಾ..."

"ಹಿಂದೆ ಮುಚ್ಚಳದ್ದು ಅಳಿಸಿಹೋಗಿದೆ ತಾಯಿ, ಅಲ್ಲೂ ಇಡಿ" ಎಂದರು ಮುನಿವೆಂಕಟಪ್ಪ.

ಜಗದಾಂಬಾ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೆತ್ತಿದರು. "ತಾಂಬೂಲದ ಗಂಧ ಇದು. ಮಾಘದಲ್ಲಿ ಮದುವೆ ಆಗೋವರೆಗೂ ಯಾರೂ ಒರೆಸಬಾರದು. ಒರೆಸಿದ್ರೋ, ಈ ಸಂಬಂಧ ಮುರೀತು ಅಂದ್ಕೊಳ್ಳಿ. ನಡೀರಿ, ನಾನೂ ಬರ್ತೀನಿ, ಸೊಸೆಗೆ ಹೂ ಮುಡಿಸ್ಬೇಕು."

ಪೇಟೆ ಬೀದಿ ದಾಟುತ್ತಲೇ ಎಂಜಿನ್ ಕೆಮ್ಮಿ ಸತ್ತಿತು.

"ನಾನ್ ಹೇಳ್ಲಿಲ್ವಾ? ಸ್ಕ್ರೂ!" ಎಂದು ಮುನಿವೆಂಕಟಪ್ಪ ತೋಳೇರಿಸಿದರು.

ಸೇತುರಾಮ ಹಿಂದಿನ ಸೀಟಿನ ಜಗದಾಂಬಾರನ್ನು ನೋಡಿದ. ಮಾಘಕ್ಕೆ ಇನ್ನೂ ಎಷ್ಟು ತಿಂಗಳಿದೆ ಎಂದು ಎಣಿಸಿದ. ಆಮೇಲೆ ಕೈಮುಗಿದ.

"ಹೌದು ಸ್ವಾಮಿ, ಸ್ಕ್ರೂನೇ. ಆದ್ರೆ ಮೊದ್ಲು... ಪೆಟ್ರೋಲ್ ಇದ್ಯಾ, ಒಂದ್ಸಲ ಮೂಸಿ ನೋಡ್ಬಿಡಿ."