ಮೂವತ್ತಮೂರನೆಯ ಆವರ್ತದ ಮೌನ

ಹಳೆಯ ಧ್ವನಿಮುದ್ರಿಕೆಗಳ ತುಲನಾ ವಿಭಾಗದ ನಲವತ್ತೊಂದನೆಯ ಕಡತವು ಈ ತಿಂಗಳು ಸರ್ವರ ಒಪ್ಪಿಗೆಯ ಮೇರೆಗೆ ಮುಕ್ತಾಯಗೊಂಡಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ನಾನು ಆ ವಿಭಾಗದ ಹಿರಿಯ ತುಲನಾಧಿಕಾರಿ. ಕಿರಿಯರು ಯಾರೂ ಇಲ್ಲ.

ನಮ್ಮ ಕೆಲಸವೇನು ಎಂದು ನನ್ನ ಹೆಂಡತಿ ಹದಿನೆಂಟು ವರ್ಷದಿಂದ ಕೇಳುತ್ತಿದ್ದಾಳೆ, ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ಮಝುರ್ಕಾ ಎಂಬುದು ಮೂರು ಎಣಿಕೆಗೊಂದು ಆವರ್ತದಂತೆ ಸಾಗುವ ಕುಣಿತದ ಸಂಗೀತ. ಬರೆದಿಟ್ಟ ಸ್ವರಗಳು ಒಂದೇ ಆದರೂ, ಯಾವ ಎಣಿಕೆಯನ್ನು ಎಷ್ಟು ಎಳೆಯಬೇಕು ಎಂಬ ವಿಷಯದಲ್ಲಿ ಒಬ್ಬ ಪಿಯಾನೋ ವಾದಕನಂತೆ ಇನ್ನೊಬ್ಬನಿಲ್ಲ. ಹಳೆಯ ರೆಕಾರ್ಡುಗಳನ್ನು ಹಾಕಿ, ಯಾರು ಎಲ್ಲಿ ಎಷ್ಟು ಎಳೆದರು ಎಂದು ಸೆಕೆಂಡಿನ ನೂರನೆಯ ಒಂದು ಭಾಗದವರೆಗೂ ಅಳೆದು ಕೋಷ್ಟಕ ತುಂಬುವುದು ನಮ್ಮ ಕರ್ತವ್ಯ. ಅಳೆಯುವುದು ಯಂತ್ರ, ತುಂಬುವುದು ನಾನು. ಕೇಳುವುದಕ್ಕೆ ಹುದ್ದೆ ಮಂಜೂರಾಗಿಲ್ಲ.

ಒಂದೇ ಮಝುರ್ಕಾದ ಮೂವತ್ತೆರಡು ರೆಕಾರ್ಡುಗಳು ನಮ್ಮಲ್ಲಿವೆ. ಮೂವತ್ತೊಂದರಲ್ಲಿ, ಮೂವತ್ತಮೂರನೆಯ ಆವರ್ತ ಶುರುವಾಗುವ ಮುಂಚೆ ಅರ್ಧ ಸೆಕೆಂಡಿಗೂ ಕಡಿಮೆ ಬಿಡುವಿದೆ. ಹೆಸರಿನ ಚೀಟಿ ಕಿತ್ತುಹೋಗಿರುವ ಒಂದರಲ್ಲಿ ಮಾತ್ರ ಒಂದು ಸೆಕೆಂಡು, ಮೇಲೆ ಎಂಬತ್ತೆಂಟು ಶತಾಂಶ. ಈ ಮೌನದ ಮೇಲೆ ನಾನು ಇನ್ನೂರ ಹನ್ನೆರಡು ಪುಟಗಳ ಗ್ರಂಥ ಬರೆದೆ. ನುಡಿಸಿದವನು ನಲವತ್ತರ ಆಸುಪಾಸಿನ ಗಂಡಸು, ಪ್ರೇಮದಲ್ಲಿ ಸೋತವನು, ಬಹುಶಃ ನದಿಯ ಹತ್ತಿರ ಮನೆ ಮಾಡಿದ್ದವನು ಎಂಬುದನ್ನು ಅವನ ಎಡಗೈಯ ಒತ್ತಿನಿಂದಲೇ ಸಾಧಿಸಿ ತೋರಿಸಿದೆ. ರೆಕಾರ್ಡಿನ ವಿವರದ ಕಾರ್ಡಿನಲ್ಲಿ ‘ಅಜ್ಞಾತ ಪುರುಷ’ ಎಂದು ಬರೆಸಿದೆ. ಸಂಗೀತ ಪರೀಕ್ಷಾ ಮಂಡಳಿಯು ಆ ಮೌನವನ್ನು ಕಡ್ಡಾಯ ಮಾಡಿ ಅದಕ್ಕೆ ಹತ್ತು ಅಂಕ ಇಟ್ಟಿತು. ನನಗೆ ಬಡ್ತಿಯೂ ತಿರುಗುವ ಕುರ್ಚಿಯೂ ಸಿಕ್ಕಿದವು.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯುತ್ತಿದ್ದಾಗ ಎಂಬತ್ತೊಂದು ವರ್ಷದ ಒಬ್ಬ ಪಿಯಾನೋ ಟೀಚರು ನಮ್ಮ ಕಚೇರಿಗೆ ಬಂದರು. ಅವರ ಶಿಷ್ಯೆಯೊಬ್ಬಳಿಗೆ ಮೌನದ ಹತ್ತು ಅಂಕ ಹೋಗಿತ್ತಂತೆ. ಅದೇನು ಮೌನ ಕೇಳಿಯೇ ಬಿಡೋಣ ಎಂದು ಬಂದವರು ಅರ್ಜಿ ಕೊಟ್ಟು, ರೆಕಾರ್ಡು ಹಾಕಿಸಿ, ಕಣ್ಣು ಮುಚ್ಚಿ ಕೂತರು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡರು.

“ಸಾರ್, ಇದು ನಾನು ನುಡಿಸಿದ್ದು. ಆಗ ನನಗೆ ಹತ್ತೊಂಬತ್ತು. ನಮ್ಮಕ್ಕ ಪಕ್ಕದಲ್ಲಿ ನಿಂತು ಸ್ವರದ ಹಾಳೆ ತಿರುವ್ತಿದ್ದಳು. ಅಲ್ಲಿ ತಿರುವೋದು ಮರೆತುಬಿಟ್ಟಳು. ನಾನು ಕಾದೆ, ಅಷ್ಟೇ.”

ಆ ‘ಅಷ್ಟೇ’ಯೊಳಗೆ ನನ್ನ ಇನ್ನೂರ ಹನ್ನೆರಡು ಪುಟವೂ ಹಿಡಿಸಿತು. ಏನಾಗಬೇಕಿತ್ತು ಎಂದು ಕೇಳಿದೆ. ಜೀವಮಾನದಲ್ಲಿ ತಾವು ಮಾಡಿದ್ದು ಅದೊಂದೇ ರೆಕಾರ್ಡು, ಕಾರ್ಡಿನಲ್ಲಿ ತಮ್ಮ ಹೆಸರು ಬರೆದರೆ ಸಾಕು, ಬೇರೇನೂ ಬೇಡ ಎಂದರು. ಅವರು ಹೇಳಿದ್ದು ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ತಿರುಗುವ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇದಕ್ಕೊಂದು ನಿಯಮವಿದೆ ಎಂದೆ. ಆಗ ಇರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಇತ್ತು.

ನಿಯಮ ಹದಿನಾಲ್ಕು: ಯಾವುದೇ ರೆಕಾರ್ಡಿನಲ್ಲಿ ನುಡಿಸಿರುವುದು ತಾನೇ ಎನ್ನುವವರು ಸಮಿತಿಯ ಎದುರು ಮತ್ತೆ ಹಾಗೆಯೇ ನುಡಿಸಿ ತೋರಿಸತಕ್ಕದ್ದು. ವ್ಯತ್ಯಾಸವು ಐದು ಶತಾಂಶ ಸೆಕೆಂಡು ಮೀರತಕ್ಕದ್ದಲ್ಲ. ವಯಸ್ಸನ್ನು ಪರಿಗಣಿಸತಕ್ಕದ್ದಲ್ಲ.

ಸಮಿತಿ ಎಂದರೆ ನಿರ್ದೇಶಕರು, ಯಂತ್ರದವರು ಮತ್ತು ನಾನು. ಕಚೇರಿಯ ಪಿಯಾನೋ ಮೇಲಿದ್ದ ಕಡತಗಳನ್ನು ಕೆಳಗಿಳಿಸಿದೆವು. ಟೀಚರು ಹಾಳೆಯಿಲ್ಲದೆ, ನೆನಪಿನಿಂದಲೇ ನುಡಿಸಿದರು. ಹೇಗೆ ನುಡಿಸಿದರೋ ಹೇಳಲಾರೆ, ನಾನು ಯಂತ್ರದ ಮುಳ್ಳನ್ನು ನೋಡುತ್ತಿದ್ದೆ. ಬಹಳ ಚೆನ್ನಾಗಿತ್ತು ಎಂದು ನಿರ್ದೇಶಕರು ಅಂದುಬಿಟ್ಟರು. ಕೋಷ್ಟಕದಲ್ಲಿ ಅಂಥ ಕಲಂ ಇಲ್ಲವೆಂದು ನೆನಪಿಸಿದ ಮೇಲೆ ಮಾತು ಹಿಂತೆಗೆದುಕೊಂಡರು. ಮೂವತ್ತಮೂರನೆಯ ಆವರ್ತದ ಮೌನ ನಲವತ್ತೊಂದು ಶತಾಂಶ ಮಾತ್ರ ಬಂತು. ‘ಅರ್ಜಿದಾರರು ರೆಕಾರ್ಡಿನಲ್ಲಿರುವ ತಾವಲ್ಲ’ ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕುವಾಗ ನಾಚಿಕೆಯಾಯಿತು. ಆದರೂ ಸಹಿ ದುಂಡಗೆ ಬಂತು.

ಟೀಚರು ಜಗಳವಾಡಲಿಲ್ಲ. ಅವತ್ತು ಹಾಳೆ ಇತ್ತು, ಅಕ್ಕ ಇದ್ದಳು, ಅದೇ ಥರ ಬೇಕೆಂದರೆ ಎರಡನ್ನೂ ತರುತ್ತೇನೆ ಎಂದು ಹೋದರು.

ಮುಂದಿನ ವಾರ ಅಕ್ಕನನ್ನು ಕರೆತಂದರು. ವಯಸ್ಸು ಎಂಬತ್ತೈದು, ಕೈಯಲ್ಲಿ ಊರುಗೋಲು. ಪಿಯಾನೋ ಕಲಿತವರೇ ಅಲ್ಲ. ಊರುಗೋಲನ್ನು ನನ್ನ ಕೈಗೆ ಕೊಟ್ಟು ತಂಗಿಯ ಪಕ್ಕ ನಿಂತರು. ಮೊದಲ ಪುಟ ಮುಗಿಯಿತು. ಅಕ್ಕನ ಬೆರಳು ಹಾಳೆಯ ತುದಿ ಹಿಡಿದದ್ದು ಹಾಗೇ ಉಳಿಯಿತು. ತಂಗಿಯ ಕೈಗಳು ಮೇಲೆತ್ತಿದಲ್ಲೇ ನಿಂತವು. ಆಮೇಲೆ ಹಾಳೆ ತಿರುಗಿತು. ಯಂತ್ರದವರು ಮುಳ್ಳನ್ನು ಎರಡು ಸಲ ನೋಡಿ ಓದಿದರು: ಒಂದು ಸೆಕೆಂಡು ಎಂಬತ್ತೆಂಟು.

ಈಗಲೂ ಮರೆತಿರಾ ತಾಯಿ ಎಂದು ನಿರ್ದೇಶಕರು ಮೆಲ್ಲಗೆ ವಿಚಾರಿಸಿದರು.

“ಅವತ್ತೂ ಮರೆತಿರ್ಲಿಲ್ಲಪ್ಪ,” ಎಂದರು ಅಕ್ಕ. “ಇವಳು ನುಡಿಸ್ತಿದ್ದದ್ದು ಕೇಳ್ತಾ ನಿಂತುಬಿಟ್ಟಿದ್ದೆ.”

ತಂಗಿ ಅಕ್ಕನ ಕಡೆ ತಿರುಗಿದರು. “ಅರವತ್ತೆರಡು ವರ್ಷದಿಂದ ನಿನ್ನ ಬೈತಾ ಬಂದೆನಲ್ಲಕ್ಕ.”

“ಬೈಸ್ಕೊಂಡೆ. ಏನಾಯ್ತೀಗ.”

ಸಮಿತಿ ಮೂರು ದಿನ ಕೂತಿತು. ಸದರಿ ರೆಕಾರ್ಡಿನ ಮಹತ್ವವೆಲ್ಲ ಮೂವತ್ತಮೂರನೆಯ ಆವರ್ತದ ಮೌನದಲ್ಲಿದೆ ಎಂದು ನನ್ನ ಗ್ರಂಥವೇ ಹೇಳುತ್ತದೆ. ಆ ಮೌನ ಹಿರಿಯಕ್ಕನವರದು ಎಂದು ಯಂತ್ರ ಹೇಳುತ್ತದೆ. ಆದ್ದರಿಂದ ಕಲಾವಿದೆ ಹಿರಿಯಕ್ಕನವರೇ ಎಂದು ತೀರ್ಮಾನವಾಯಿತು. ಹೊಸ ಕಾರ್ಡಿನಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ ಬಂತು. ಕೆಳಗೆ ಸಣ್ಣಕ್ಷರದಲ್ಲಿ, ‘ಪಿಯಾನೋ ಸಹಾಯ’ ಎಂದು ತಂಗಿಯ ಹೆಸರು. ಟೀಚರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹೆಸರಿನ ಅಕ್ಷರ ತಪ್ಪಿಲ್ಲ, ಸಾಕು ಎಂದು ಸ್ವೀಕೃತಿಗೆ ಸಹಿ ಮಾಡಿದರು. ಇಬ್ಬರೂ ಮೆಟ್ಟಿಲಿಳಿಯುವವರೆಗೆ ನಗುತ್ತಿದ್ದದ್ದು ಕೇಳಿಸುತ್ತಿತ್ತು.

ಪರೀಕ್ಷಾ ಮಂಡಳಿಯೂ ನಿಯಮ ತಿದ್ದಿದೆ. ಹತ್ತು ಅಂಕ ಇನ್ನು ಮುಂದೆ ಹಾಳೆ ತಿರುವುವವರಿಗೆ. ನನ್ನ ಗ್ರಂಥ ಎರಡನೆಯ ಮುದ್ರಣ ಕಂಡಿದೆ. ‘ಅಜ್ಞಾತ ಪುರುಷ’ ಎಂದಿದ್ದಲ್ಲೆಲ್ಲ ‘ಹಿರಿಯಕ್ಕ’ ಎಂದು ಮಾಡಿದ್ದೇವೆ, ಪ್ರೇಮದಲ್ಲಿ ಸೋತದ್ದನ್ನೂ ನದಿಯನ್ನೂ ಹಾಗೆಯೇ ಉಳಿಸಿಕೊಂಡಿದ್ದೇವೆ. ಹಾಳೆ ತಿರುವುವ ತರಬೇತಿಗೆ ಅಕ್ಕನನ್ನೇ ಪರೀಕ್ಷಕಿಯಾಗಿ ನೇಮಿಸಲಾಗಿದೆ. ಮೊದಲ ತಂಡದ ಏಕೈಕ ಅಭ್ಯರ್ಥಿ ನಾನು.

ಪ್ರತಿ ಗುರುವಾರ ತಂಗಿ ನುಡಿಸುತ್ತಾರೆ. ನಾನು ಪಕ್ಕದಲ್ಲಿ ನಿಂತು, ಮನಸ್ಸಿನಲ್ಲೇ ಎಣಿಸಿ, ಸರಿಯಾಗಿ ಒಂದು ಸೆಕೆಂಡು ಎಂಬತ್ತೆಂಟಕ್ಕೆ ಹಾಳೆ ತಿರುವುತ್ತೇನೆ. ಯಂತ್ರದವರು ಭೇಷ್ ಎನ್ನುತ್ತಾರೆ. ಅಕ್ಕ ತಲೆಯಲ್ಲಾಡಿಸುತ್ತಾರೆ.

“ಲೆಕ್ಕ ಸರಿಯಾಗಿದೆಯಪ್ಪ. ಆದ್ರೆ ನೀನು ಕೇಳ್ಲಿಲ್ಲ.”

ಇದುವರೆಗೆ ಏಳು ಸಲ ನಪಾಸಾಗಿದ್ದೇನೆ. ಇದರಿಂದ ನನ್ನ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲವೆಂದು ನಿರ್ದೇಶಕರು ಲಿಖಿತವಾಗಿ ತಿಳಿಸಿದ್ದಾರೆ, ಏಕೆಂದರೆ ಹಿರಿಯ ತುಲನಾಧಿಕಾರಿಯ ಹುದ್ದೆಗೆ ಆ ಅರ್ಹತೆ ಬೇಕಾಗಿಲ್ಲ.