ಭಾವನ ಟೀಮೂ ನನ್ನ ಮಿರ್ಚಿಯೂ

ನಮ್ಮ ಭಾವನವರು ಈ ಜನ್ಮದಲ್ಲಿ ಅಮೆರಿಕದ ಫುಟ್‌ಬಾಲ್ ಮುಟ್ಟಿದವರಲ್ಲ. ಆದರೂ ಅವರ ರಕ್ತದೊತ್ತಡ ಡಾಕ್ಟರ ಕೈಯಲ್ಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಕಾಲೇಜು ಹುಡುಗರ ಕೈಯಲ್ಲಿದೆ. ಉತ್ಪ್ರೇಕ್ಷೆ ಎನ್ನುತ್ತೀರಾ? ಸೀಸನ್ ಶುರುವಾದ ಮೇಲೆ ಅವರ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಲು ನನ್ನ ಅಕ್ಕನೇ ಹೆದರುತ್ತಾಳೆ.

ಭಾವ ಮೂಲತಃ ಧಾರವಾಡದವರು, ಈಗ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನವರು. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಸೀಟುಗಳನ್ನು ಪರೀಕ್ಷಿಸುವ ಕೆಲಸ. ಅಂದರೆ ಒಂದು ಮೆಷಿನ್ನನ್ನು ದಿನವಿಡೀ ಸೀಟಿನ ಮೇಲೆ ಕೂರಿಸಿ ಎಬ್ಬಿಸಿ, ಸೀಟು ಎಲ್ಲಿ ಹರಿಯುತ್ತದೆಂದು ಮೊದಲೇ ಹೇಳುವುದು. ಅದೇ ಬುದ್ಧಿಯನ್ನು ಹತ್ತಿರದ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮಿಗೂ ಹಚ್ಚುತ್ತಾರೆ. ಬೇಸಿಗೆ ಬಂತೆಂದರೆ ದೇವಸ್ಥಾನದಲ್ಲಿ ಮಂಗಳಾರತಿ ಮುಗಿಯುವುದೇ ತಡ, ಹುಡುಗರು ಅವರನ್ನು ಮುತ್ತಿಕೊಳ್ಳುತ್ತಾರೆ.

“ಅಂಕಲ್, ಈ ಸಲ ಎಲ್ರೂ ನಾವೇ ಚಾಂಪಿಯನ್ ಅಂತಿದಾರೆ. ಆಗ್ತೀವಾ?”

ಭಾವ ತೀರ್ಥ ಕುಡಿದು, ಒದ್ದೆ ಕೈ ತಲೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ ಹೇಳುತ್ತಾರೆ: “ಬಾಡಿ ಛಲೋ ಅದ. ಗೇರ್‌ಬಾಕ್ಸ್ ಮ್ಯಾಲ ನನಗ ಭರೋಸಾ ಇಲ್ಲ.” ಗೇರ್‌ಬಾಕ್ಸ್ ಎಂದರೆ ಚೆಂಡು ಎಸೆಯುವ ಮುಖ್ಯ ಆಟಗಾರ. ಪಾಪ, ಅವನಿಗೆ ಈ ಬಿರುದು ಗೊತ್ತಿಲ್ಲ.

ಇಷ್ಟೊಂದು ತಲೆಬಿಸಿ ಯಾಕೆ? ಅವರ ಒಬ್ಬಳೇ ಮಗಳು ಆ ಯೂನಿವರ್ಸಿಟಿಯಲ್ಲಿ ಓದಿದವಳು, ಈಗ ಬಾಸ್ಟನ್ನಿನಲ್ಲಿ ಕೆಲಸ. ವಾರವೆಲ್ಲ ಅವಳ ಮಾತು ಅಮ್ಮನ ಜೊತೆಗೇ; ಅಪ್ಪನಿಗೆ ಒಂದು “ಹಾಯ್”. ಟೀಮ್ ಗೆದ್ದ ಶನಿವಾರ ಮಾತ್ರ ಅಪ್ಪನಿಗೇ ಫೋನ್ ಮಾಡಿ ಬಾಯಿ ತುಂಬ ಮಾತಾಡುತ್ತಾಳೆ. ಸೋತ ದಿನ ಫೋನಿಲ್ಲ. ಹೀಗಾಗಿ ಟೀಮ್ ಎಷ್ಟು ಮ್ಯಾಚ್ ಗೆಲ್ಲುತ್ತದೆ ಎನ್ನುವುದು ಊರಿಗೆಲ್ಲ ಆಟದ ಪ್ರಶ್ನೆಯಾದರೆ, ಭಾವನಿಗೆ ಮಗಳ ದನಿ ಎಷ್ಟು ಸಲ ಕೇಳುತ್ತದೆ ಎನ್ನುವ ಪ್ರಶ್ನೆ. ಇದನ್ನು ಅವರು ಯಾರಿಗೂ ಹೇಳಿದವರಲ್ಲ. ನನಗೆ ಅಕ್ಕ ಹೇಳಿದ್ದು.

ಇಂಥ ಮನೆಗೆ ಶನಿಯಂತೆ ಒಕ್ಕರಿಸಿದವನು ನಾನು. ಶಿಕಾಗೋ ಕಡೆಯ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಮೊದಲ ಸಲ ಅವರ ಮನೆಯ ಟೀವಿಯಲ್ಲಿ ಮ್ಯಾಚ್ ನೋಡಲು ಹೋದಾಗ ಕೆಂಪು ಸ್ವೆಟರ್ ಹಾಕಿದ್ದೆ. ಕುಂಕುಮದ ಬಣ್ಣ, ಶುಭವಾಗಲಿ ಎಂದು ಹೆಂಡತಿ ಸೇಲಿನಲ್ಲಿ ತಂದದ್ದು. ಅದು ಎದುರಾಳಿಗಳ ಬಣ್ಣವೆಂದು ನನಗೇನು ಗೊತ್ತು? ಆ ದಿನ ಸೋತರು. ಎರಡನೆಯ ಸಲ ಎಚ್ಚರದಿಂದ ಬಿಳಿ ಷರ್ಟ್ ಹಾಕಿಕೊಂಡು ಹೋದೆ. ಒಬ್ಬ ಹುಡುಗ ಚೆಂಡು ಬಗಲಿಗಿಟ್ಟುಕೊಂಡು ಓಡುವ ಚಂದಕ್ಕೆ ಮನಸೋತು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕೋಣೆಯಲ್ಲಿ ತಟ್ಟಿದವನು ನಾನೊಬ್ಬನೇ; ಅವನು ಎದುರಾಳಿಗಳ ಹುಡುಗ. ಆ ದಿನವೂ ಸೋತರು.

“ನಿನ್ನ ಕಾಲ್ಗುಣ ಕಣೋ” ಎಂದಳು ಅಕ್ಕ. ನಮ್ಮಲ್ಲಿ ಕಾಲ್ಗುಣ ನೋಡುವುದು ಮನೆ ತುಂಬುವ ಸೊಸೆಯದು. ಐವತ್ತು ದಾಟಿದ, ತಲೆ ಬೋಳಾದ ಭಾವಮೈದುನನ ಕಾಲ್ಗುಣ ನೋಡಿದ ಮನೆ ಪ್ರಪಂಚದಲ್ಲಿ ಇದೊಂದೇ ಇರಬೇಕು!

ಮೂರನೆಯ ಸಲ ಮಿರ್ಚಿ ಕರಿಯಲು ನನ್ನನ್ನು ಗರಾಜಿಗೆ ಕಳಿಸಿದರು. ಇಲ್ಲಿ ನಮ್ಮವರು ಕರಿಯುವುದೆಲ್ಲ ಗರಾಜಿನಲ್ಲೇ. ಒಳಗೆ ಕರಿದರೆ ಕೋಟುಗಳು ಬಜ್ಜಿಯ ವಾಸನೆ ಹೊತ್ತು ಆಫೀಸಿಗೆ ಹೋಗುತ್ತವೆ. ಒಲೆ ಹಚ್ಚಿ, ಮೊದಲ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟೆ. ಒಳಗೆ ಕೇಕೆ: ಟಚ್‌ಡೌನ್! ನಮ್ಮವರಿಗೆ ಆರು ಅಂಕ. ಇನ್ನೊಂದು ಬಿಟ್ಟೆ. ಮತ್ತೆ ಕೇಕೆ. ಬಾಗಿಲಲ್ಲಿ ಭಾವ ಪ್ರತ್ಯಕ್ಷರಾದರು.

“ಅಲ್ಲೇ ಇರು. ಒಳಗ ಬರಬ್ಯಾಡ.”

“ಹಿಟ್ಟು ಮುಗೀತು ಭಾವ.”

“ಕಲಸು.”

ಅಂದಿನಿಂದ ದೊಡ್ಡ ಮ್ಯಾಚುಗಳಿಗೆಲ್ಲ ನನಗೆ ಕರೆ, ಗರಾಜಿಗೆ. ಆಫೀಸಿನಲ್ಲಿ ಒಂದಿಡೀ ತಂಡಕ್ಕೆ ಬುದ್ಧಿ ಹೇಳುವ ಮ್ಯಾನೇಜರಾದ ನಾನು, ಇಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಜಾಲರಿ ಸೌಟು ಹಿಡಿದು ನಿಲ್ಲುತ್ತೇನೆ. ಎದುರಾಳಿ ಅಂಕ ಗಳಿಸಿದರೆ ಒಳಗಿನಿಂದ ಟೀಕೆ: “ಎಣ್ಣಿ ಕಾದಿಲ್ಲ ಇವಂದು.” ಮೂಢನಂಬಿಕೆಯ ಮೇಲೆ ಕನ್ನಡ ಸಂಘದಲ್ಲಿ ಭಾಷಣ ಬಿಗಿದವನು ನಾನು. ಅದೇ ನಾನು ಕೊನೆಯ ಗಳಿಗೆಗೆ ಬೇಕಾದೀತೆಂದು ದಪ್ಪ ಮೆಣಸಿನಕಾಯಿಗಳನ್ನು ಎತ್ತಿಡತೊಡಗಿದೆ ಎಂದರೆ ನಗಬೇಡಿ.

ಹೋದ ಸೀಸನ್ನಿನ ಕೊನೆಯ ಮ್ಯಾಚ್. ಗೆದ್ದೇ ಗೆಲ್ಲುತ್ತಾರೆಂದು ದೇಶವೇ ಹೇಳುತ್ತಿತ್ತು. ಹೊರಗೆ ಹಿಮ. ಮೆಣಸಿನಕಾಯಿ ಮುಗಿಯಿತು, ಈರುಳ್ಳಿ ಕರಿದೆ. ಅದೂ ಮುಗಿದು ಬ್ರೆಡ್ ಕರಿದೆ. ಒಳಗೆ ಸದ್ದೇ ಇಲ್ಲ. ಸೋತರು.

ಬಾಗಿಲು ತೆರೆಯಿತು. ಬೈಗುಳ ಕಾದಿದೆ ಎಂದುಕೊಂಡೆ. ಭಾವ ಬಂದು ಚಳಿಗಾಲದ ಟೈರುಗಳ ಮೇಲೆ ಕುಳಿತರು. ಕೈಯಲ್ಲಿ ಫೋನು.

“ಇವತ್ತ ಫೋನ್ ಬರೂದಿಲ್ಲ.”

“ನೀವೇ ಮಾಡಿ ಭಾವ.”

“ಸೋತ ದಿನ ಏನ ಮಾತಾಡೂದೋ ಅಕೀ ಕೂಡ?”

ತಮಾಷೆಯ ಮಾತಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ಅರವತ್ತರ ಮನುಷ್ಯ, ತನ್ನದೇ ಮಗಳೊಂದಿಗೆ ಏನು ಮಾತಾಡಬೇಕೆಂದು, ಆಟದ ಗಂಧವಿಲ್ಲದ ನನ್ನನ್ನು! ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡು ಅವಳ ಹೆಸರೊತ್ತಿ ಸ್ಪೀಕರಿಗೆ ಹಾಕಿದೆ. ಒಮ್ಮೆ ರಿಂಗಾಗುವಷ್ಟರಲ್ಲೇ ಎತ್ತಿದಳು.

“ಅಪ್ಪಾ? ಐ ಥಾಟ್ ಯೂ ಡೋಂಟ್ ಲೈಕ್ ಟಾಕಿಂಗ್ ವೆನ್ ವೀ ಲೂಸ್.”

ಸೋತ ದಿನ ಅಪ್ಪನಿಗೆ ಮಾತು ಬೇಡವೆಂದುಕೊಂಡು ಅವಳೇ ಸುಮ್ಮನಿರುತ್ತಿದ್ದಳಂತೆ. ಇಷ್ಟು ವರ್ಷ, ಅಷ್ಟೂ ಸೋತ ಶನಿವಾರಗಳಲ್ಲಿ, ಇಬ್ಬರೂ ಫೋನು ಹಿಡಿದುಕೊಂಡು ಕೂತಿದ್ದರು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನಾನು ಒಲೆ ಆರಿಸಿದೆ.

“ಅಪ್ಪಾ, ಆರ್ ಯೂ ದೇರ್? ವಾಟ್ ಡು ಯೂ ಥಿಂಕ್ ಅಬೌಟ್ ನೆಕ್ಸ್ಟ್ ಇಯರ್?”

“ಮುಂದಿನ ವರ್ಷ ಸೋತ್ರೂ ನಡೀತದ, ಬಂಗಾರ” ಎಂದರು ಭಾವ. “ನೀ ಮಾತಾಡು.”